ಸೊಸೆಯ ಹೆಸರು ಹೇಳದ ರೇಣುಕವ್ವ

ಅತ್ತೆ-ಸೊಸೆ ಎಂದೊಡನೆ ನಮ್ಮ ಜನ ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ, ಜಗಳ ಯಾವಾಗ ಶುರುವಾಗುತ್ತದೋ ಎಂದು. ಹಾಗೆ ಕಾಯುವವರು ಈಗಲೇ ಎದ್ದು ಹೋಗಬಹುದು, ನನ್ನದೇನೂ ಅಭ್ಯಂತರವಿಲ್ಲ. ಬಿಟಿಎಂ ಲೇಔಟಿನಲ್ಲಿ ಬೈರಮ್ಮನವರ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದ ಅನ್ನಪೂರ್ಣ ಮತ್ತು ಅವಳ ಅತ್ತೆ ರೇಣುಕವ್ವ ಜಗಳವಾಡಿದ್ದನ್ನು ಕಂಡವರು ಆ ಬೀದಿಯಲ್ಲೇ ಇರಲಿಲ್ಲ. ಕೆಳಗಿನ ಮನೆಯ ಬೈರಮ್ಮನಿಗೆ ಇದರಿಂದ ಸ್ವಲ್ಪ ನಿರಾಸೆಯೇ ಆಗಿತ್ತು. ಹಳೇ ತಾವರೆಕೆರೆಯ ಹೆಣ್ಣುಮಗಳು ಆಕೆ, ತನ್ನ ಮೂವರು ಸೊಸೆಯರ ಮೇಲೂ ದೂರು ಇಟ್ಟುಕೊಂಡಿದ್ದವಳು. "ಏನಮ್ಮಾ ನಿಮ್ದು, ಅತ್ತೆ ಸೊಸೆ ಅಂತ ಯಾರಾದ್ರೂ ಹೇಳ್ತಾರಾ? ತಾಯಿ ಮಗಳು ಸಹ ಹಿಂಗಿರಲ್ಲ" ಎಂದು ಆಗಾಗ ಮೆಟ್ಟಿಲ ಬಳಿ ನಿಂತು ಹೇಳುತ್ತಿದ್ದಳು.

ಅವರು ರೋಣದ ಕಡೆಯವರು. ಅನ್ನಪೂರ್ಣಳ ಗಂಡ ರವಿಕುಮಾರ ಔಷಧ ಕಂಪನಿಯ ರೆಪ್. ವಾರದಲ್ಲಿ ನಾಲ್ಕು ದಿನ ಹಾಸನ, ಚಿಕ್ಕಮಗಳೂರು ಎಂದು ಬ್ಯಾಗು ಹಿಡಿದು ಸುತ್ತುವ ಕೆಲಸ. ಮನೆಯಲ್ಲಿ ಉಳಿಯುತ್ತಿದ್ದವರು ಇವರಿಬ್ಬರೇ. ಮದುವೆಯಾಗಿ ಬಂದ ಹೊಸದರಲ್ಲಿ ಅನ್ನಪೂರ್ಣ ಬಿಎಸ್ಸಿ ಮುಗಿಸಿ ಸುಮ್ಮನೆ ಕೂತಿದ್ದಳು. ಅವಳನ್ನು ಎಬ್ಬಿಸಿ ಜಯನಗರ ನಾಲ್ಕನೇ ಬ್ಲಾಕಿನ ಕಂಪ್ಯೂಟರ್ ಕ್ಲಾಸಿಗೆ ಅಟ್ಟಿದವಳು ರೇಣುಕವ್ವ. "ನನ್ನಂಗ ರೊಟ್ಟಿ ಬಡ್ಕೋಂತ ಕುಂದ್ರಬ್ಯಾಡ. ನಾ ಅದೀನಲ್ಲ ಮನ್ಯಾಗ, ನೀ ಕಲಿ" ಎಂದಳು. ಸೊಸೆ ದೊಡ್ಡ ಕಂಪ್ಯೂಟರುಗಳನ್ನು ನಡೆಸುವ ಯುನಿಕ್ಸ್ ಕಲಿಯುತ್ತಿದ್ದ ಅಷ್ಟೂ ತಿಂಗಳು ಆಕೆ ಒಲೆಯ ಮುಂದೆ ಅವಳನ್ನು ಬರಗೊಡಲಿಲ್ಲ. ಆಮೇಲೆ ಜೆ.ಪಿ. ನಗರದಲ್ಲಿ ಒಂದು ಔಷಧ ವಿತರಣೆಯ ಕಂಪನಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ ಸಿಕ್ಕಾಗ ಇಡೀ ಬೀದಿಗೆ ಪೇಢೆ ಹಂಚಿದವಳೂ ಅವಳೇ.

ಒಂದೇ ಒಂದು ವಿಷಯದಲ್ಲಿ ಮಾತ್ರ ರೇಣುಕವ್ವ ಸೊಸೆಗೆ ಮಣಿಯಲಿಲ್ಲ. ಸೊಸೆಯನ್ನು ಅವಳ ಹೆಸರಿನಿಂದ ಕರೆಯಲಿಲ್ಲ.

ಕಾರಣವಿತ್ತು. ರೇಣುಕವ್ವನ ಸ್ವಂತ ಅತ್ತೆಯ ಹೆಸರೂ ಅನ್ನಪೂರ್ಣವ್ವ. ಗಂಡನ ಹೆಸರನ್ನೂ ಅತ್ತೆ ಮಾವಂದಿರ ಹೆಸರನ್ನೂ ಹೆಣ್ಣುಮಕ್ಕಳು ಬಾಯಲ್ಲಿ ತರಬಾರದು ಎಂಬುದು ಆ ಕಡೆಯ ಪದ್ಧತಿ. ಹಾಗಂತ ಆ ಅತ್ತೆ ದೇವತೆಯಾಗಿದ್ದಳೇ? ಎಲ್ಲಿಯ ಮಾತು! ತವರಿನಲ್ಲಿ ತಾಯಿ ಸತ್ತಳೆಂದು ಸುದ್ದಿ ಬಂದಾಗ ಜೋಳದ ರಾಶಿ ಮುಗಿಯಲಿ ಎಂದು ಸೊಸೆಯನ್ನು ತಡೆದು, ಹೆತ್ತವ್ವನ ಮುಖ ಕೊನೆಗೊಮ್ಮೆ ನೋಡಲು ಬಿಡದ ಗಟ್ಟಿಗಿತ್ತಿ ಅವಳು. ಅಂಥವಳ ಹೆಸರಿಗೆ ಇಷ್ಟು ಮರ್ಯಾದೆ ಯಾಕೆ? ಮರ್ಯಾದೆಗಿಂತ ಅದು ಹೆದರಿಕೆಯೇ ಇರಬೇಕು. ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು, ಹೆದರಿಕೆ ಮಾತ್ರ ಮೈಯಿಂದ ಇಳಿದಿರಲಿಲ್ಲ.

ರವಿಕುಮಾರನಿಗೆ ನೋಡಿದ ಹೆಣ್ಣಿನ ಹೆಸರು ಅನ್ನಪೂರ್ಣ ಎಂದು ತಿಳಿದಾಗ ನೆಂಟರೆಲ್ಲ ಒಂದೇ ದನಿಯಲ್ಲಿ, ಮದುವೆಯ ದಿನ ಹೆಸರು ಬದಲಾಯಿಸಿಬಿಡೋಣ ಎಂದರು. ಒಪ್ಪದವಳು ರೇಣುಕವ್ವ ಒಬ್ಬಳೇ. "ಅದು ಆಕಿ ಅಪ್ಪ ಇಟ್ಟ ಹೆಸರು. ಸಾಲಿ ಸರ್ಟಿಫಿಕೇಟಿನ್ಯಾಗ ಅದ. ನನ್ನ ಸಲುವಾಗಿ ಆಕಿ ಯಾಕ ತನ್ನ ಹೆಸರು ಕಳಕೋಬೇಕು? ಕರಿಯಾಕ ನಾ ಬ್ಯಾರೆ ಹೆಸರು ಹುಡುಕ್ಕೋತೀನಿ" ಎಂದಳು. ಹಾಗೆ ಹುಡುಕಿಕೊಂಡ ಹೆಸರು ಸಣ್ಣವ್ವ. ಮನೆಯೊಳಗೆ ಬಂದ ದಿನದಿಂದ ಅನ್ನಪೂರ್ಣ ಅತ್ತೆಗೆ ಸಣ್ಣವ್ವ.

ಅನ್ನಪೂರ್ಣ ಇದನ್ನೇ ಹಿಡಿದು ಕಾಡಿಸುತ್ತಿದ್ದಳು. "ಅತ್ತಿ, ಒಮ್ಮಿ ಅನ್ರಿ ನನ್ನ ಹೆಸರು. ಯಾರೂ ಇಲ್ಲ ಮನ್ಯಾಗ. ನಾ ಯಾರಿಗೂ ಹೇಳೂದಿಲ್ಲ."

"ನಾಲಿಗಿ ಏಳೂದಿಲ್ಲವಾ. ಬಿಡ ನನ್ನ."

"ಹೊರನಾಡಿಗೆ ಹೋದಾಗ ದೇವಿ ಮುಂದ ನಿಂತು ಏನಂದ್ರಿ ಮತ್ತ?"

"ತಾಯೀ ಅಂದೆ. ಆಕೀಗೇನು ತಿಳಿಯೂದಿಲ್ಲೇನು ಯಾರನ್ನ ಕರಿಯಾಕತ್ತಾಳ ಇಕಿ ಅಂತ?" ಎಂದು ರೇಣುಕವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅನ್ನಪೂರ್ಣಳಿಗೆ ಆ ನಗು ನೋಡುವುದಕ್ಕೇ ಮತ್ತೆ ಮತ್ತೆ ಕೇಳಬೇಕೆನಿಸುತ್ತಿತ್ತು.

ಎರಡು ಸಾವಿರದ ಇಸವಿಯ ಗೌರಿ ಹಬ್ಬದ ಹೊತ್ತಿಗೆ ರೇಣುಕವ್ವನಿಗೆ ಎದೆನೋವು ಬಂತು. ಆಸ್ಪತ್ರೆಯಲ್ಲಿ ವಾರವಿದ್ದು ಬದುಕಿಕೊಂಡು ಬಂದಳು. ಮನೆಗೆ ಕಳಿಸುವಾಗ ಡಾಕ್ಟರು ಅನ್ನಪೂರ್ಣಳನ್ನು ಪಕ್ಕಕ್ಕೆ ಕರೆದು ಹೇಳಿದರು: "ನೋಡಮ್ಮ, ಹೃದಯ ತುಂಬಾ ವೀಕ್ ಆಗಿದೆ. ಮತ್ತೆ ನೋವು ಬಂದ್ರೆ ಒಂದು ನಿಮಿಷಾನೂ ಕಾಯ್ಬೇಡಿ. ಬೇಗ ಕರ್ಕೊಂಡು ಬಂದ್ರೆ ಉಳಿಸ್ಕೋಬಹುದು. ತಡ ಆದ್ರೆ ಆಗಲ್ಲ." ಅದನ್ನು ಕೇಳಿದ ಮೇಲೆ, ಹಾಕಿಸೋಣ, ಹಾಕಿಸೋಣ ಎಂದು ಮುಂದೂಡುತ್ತಿದ್ದ ಫೋನನ್ನು ಹಾಕಿಸಿದರು. ಅತ್ತೆಯ ಮಂಚದ ಪಕ್ಕವೇ ಸ್ಟೂಲಿನ ಮೇಲೆ ಅದನ್ನಿಟ್ಟು, ಗೋಡೆಯ ಮೇಲೆ ಆಫೀಸಿನ ನಂಬರನ್ನು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆದಳು. ರೇಣುಕವ್ವನಿಗೆ ಅಂಕಿ ಬರುತ್ತಿತ್ತು. ಹೇಗೆ ಒತ್ತಬೇಕೆಂದು, ಫೋನು ಎತ್ತದೆಯೇ, ಎರಡು ಮೂರು ಸಲ ಒತ್ತಿಸಿ ಕಲಿಸಿದಳು. "ಅಲ್ಲೆ ಒಬ್ಬಾಕಿ ಹುಡುಗಿ ತಗೋತಾಳ. ನನ್ನ ಕೇಳ್ರಿ, ಕೊಡ್ತಾಳ. ನೋವು ಬಂದ ಕೂಡ್ಲೆ ಮಾಡ್ಬೇಕು ಮತ್ತ, ಸೊಸಿಗೆ ತ್ರಾಸು ಯಾಕ ಅಂತ ಸುಮ್ನಿರಬಾರದು" ಎಂದು ಆಣೆ ಹಾಕಿಸಿಕೊಂಡಳು. ರೇಣುಕವ್ವ ಹೂಂ ಅಂದಳು.

ಅನ್ನಪೂರ್ಣಳ ಆಫೀಸಿನಲ್ಲಿ ಮಿಷನ್ನುಗಳಿಗೆ ಹೂವಿನ ಹೆಸರು. ಜೆ.ಪಿ. ನಗರದ ದೊಡ್ಡ ಸರ್ವರು ಸಂಪಿಗೆ. ಹುಬ್ಬಳ್ಳಿ ಡಿಪೋದಲ್ಲಿರುವುದು ಮಲ್ಲಿಗೆ, ಮಂಗಳೂರಿನದು ಕನಕಾಂಬರ, ಹೀಗೆ. ದಿನದ ಬಿಲ್ಲು ಆರ್ಡರುಗಳೆಲ್ಲ ಸಂಪಿಗೆಯಿಂದ ಉಳಿದ ಹೂವುಗಳಿಗೆ ಹೋಗಬೇಕು. ಅವು ಹೋದರೆ ಮರುದಿನ ಮಾತ್ರೆ ಔಷಧಿ ಲಾರಿ ಹತ್ತುತ್ತವೆ. ಮಾರನೇ ವರ್ಷದ ಜುಲೈಯಲ್ಲಿ ಸಂಪಿಗೆಯನ್ನು ಹೊಸ ಯುನಿಕ್ಸಿಗೆ ಅಪ್‌ಗ್ರೇಡ್ ಮಾಡುವುದೆಂದು ಮ್ಯಾನೇಜರ್ ನಂದಕುಮಾರ್ ಒಂದು ಶನಿವಾರ ಗೊತ್ತುಮಾಡಿದರು. ಆ ಕೆಲಸ ಬಲ್ಲವಳು ಅನ್ನಪೂರ್ಣ ಒಬ್ಬಳೇ.

ಆ ಶನಿವಾರ ರವಿಕುಮಾರ ಹಾಸನದಲ್ಲಿದ್ದ. ಬೈರಮ್ಮನ ಮನೆಯವರೆಲ್ಲ ಚಿಕ್ಕಲಸಂದ್ರದಲ್ಲಿ ನೆಂಟರ ಗೃಹಪ್ರವೇಶಕ್ಕೆ ಹೊರಟಿದ್ದರು. ಅತ್ತೆಯನ್ನು ಒಬ್ಬಳನ್ನೇ ಬಿಟ್ಟು ಹೋಗಲು ಅನ್ನಪೂರ್ಣಳಿಗೆ ಮನಸ್ಸಿರಲಿಲ್ಲ. ಬಾಗಿಲವರೆಗೆ ಹೋದವಳು ಮತ್ತೆ ಒಳಗೆ ಬಂದು ಮಂಚದ ಪಕ್ಕ ಕೂತಳು.

"ಹೋಗವಾ. ಆ ಮಿಷನ್ನಿಗೆ ನಿನ್ನ ಬಿಟ್ರ ಯಾರದಾರ? ನಾ ಅರಾಮ ಅದೀನಿ" ಎಂದಳು ರೇಣುಕವ್ವ.

"ಊಟದ ಹೊತ್ತಿಗೆ ಬಂದ್ಬಿಡ್ತೀನ್ರಿ ಅತ್ತಿ."

"ಬಾ. ಪುಂಡಿಪಲ್ಯ ಮಾಡಿಟ್ಟಿರ್ತೀನಿ."

ಅಪ್‌ಗ್ರೇಡ್ ಸಲೀಸಾಗಿಯೇ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಸಂಪಿಗೆ ಹೊಸ ಮೈ ಹೊದ್ದು ಎದ್ದು ಕೂತಿತು. ಅನ್ನಪೂರ್ಣ ಖುಷಿಯಿಂದ ಮನೆಗೆ ಫೋನ್ ಮಾಡಿದಳು. ರೇಣುಕವ್ವ ಚೆನ್ನಾಗಿಯೇ ಮಾತಾಡಿದಳು, ಗುಳಿಗೆ ತೆಗೆದುಕೊಂಡೆ, ಪಲ್ಯ ಆರುತ್ತಿದೆ ಎಂದಳು. "ಒಂದ್ ತಾಸಿನ್ಯಾಗ ಬರ್ತೀನಿ, ನೀವು ಉಂಡು ಬಿಡ್ರಿ" ಎಂದು ಹೇಳಿ ಇವಳು ಫೋನಿಟ್ಟಳು. ಅತ್ತೆಯ ದನಿ ಅವಳು ಕೇಳಿದ್ದು ಅದೇ ಕೊನೆ.

ಬ್ಯಾಗು ಎತ್ತಿಕೊಳ್ಳುವಷ್ಟರಲ್ಲಿ ಹುಬ್ಬಳ್ಳಿಯಿಂದ ಕರೆ ಬಂತು, ಬಿಲ್ಲುಗಳೇ ಬಂದಿಲ್ಲ ಎಂದು. ಹಿಂದೆಯೇ ಮಂಗಳೂರು, ಅದರ ಹಿಂದೆ ಮೈಸೂರು. ಅನ್ನಪೂರ್ಣ ಮಿಷನ್ ರೂಮಿಗೆ ವಾಪಸ್ಸು ಓಡಿ, ಸಂಪಿಗೆಯಿಂದ ಮಲ್ಲಿಗೆಯನ್ನು ಕರೆದು ನೋಡಿದಳು. ಅಂಥ ಹೆಸರಿನವರು ಯಾರೂ ಗೊತ್ತಿಲ್ಲ ಎಂದಿತು ಪರದೆ. ಕನಕಾಂಬರವನ್ನು ಕರೆದಳು. ಅದೇ ಉತ್ತರ. ನಿನ್ನೆ ಸಂಜೆಯವರೆಗೂ ದಿನಕ್ಕೆ ನೂರು ಸಲ ಮಾತಾಡುತ್ತಿದ್ದ ಮಿಷನ್ನುಗಳ ಹೆಸರೇ ಸಂಪಿಗೆಗೆ ಮರೆತುಹೋಗಿತ್ತು.

ಮಿಷನ್ನುಗಳ ಲೋಕದಲ್ಲಿ ನಡೆಯುವುದು ನಂಬರು. ಹೆಸರು ನಮ್ಮಂಥವರ ಅನುಕೂಲಕ್ಕೆ. ಹೆಸರು ಹೇಳಿದರೆ ನಂಬರು ಹುಡುಕಿಕೊಡುವುದಕ್ಕೆ ಬೇರೆಯೇ ಒಂದು ಮಿಷನ್ನು ಇರುತ್ತದೆ, ನೇಮ್ ಸರ್ವರ್ ಎಂದು. ಅನ್ನಪೂರ್ಣ ಮಲ್ಲಿಗೆಯ ನಂಬರನ್ನೇ ಕೊಟ್ಟು ಕರೆದಳು. ತಕ್ಷಣ ಓಗೊಟ್ಟಿತು. ಹಾಗಾದರೆ ತಂತಿ ಸರಿಯಿದೆ. ನೇಮ್ ಸರ್ವರನ್ನು ನೇರವಾಗಿ, ಮಲ್ಲಿಗೆಯ ನಂಬರೇನು ಎಂದು ಕೇಳಿದಳು. ಅದೂ ಸರಿಯಾಗಿ ಹೇಳಿತು. ಹಾಗಾದರೆ ನೇಮ್ ಸರ್ವರೂ ಸರಿಯಿದೆ. ಆದರೆ ಬಿಲ್ಲು ಕಳಿಸು ಎಂದ ಕೂಡಲೇ ಸಂಪಿಗೆಯದು ಮತ್ತೆ ಅದೇ ಹಳೇ ರಾಗ, ಗೊತ್ತಿಲ್ಲ, ಗೊತ್ತಿಲ್ಲ.

ಅವಳಿಗೆ ತಲೆ ಕೆಟ್ಟುಹೋಯಿತು. ಕೇಬಲ್ಲು ಕಿತ್ತು ಮತ್ತೆ ಚುಚ್ಚಿದಳು. ನೇಮ್ ಸರ್ವರನ್ನು ಆರಿಸಿ ಹಚ್ಚಿದಳು. ಫೈಲುಗಳನ್ನು ಒಂದೊಂದಾಗಿ ತೆರೆದು ಓದಿದಳು. ನಡುನಡುವೆ ಡಿಪೋಗಳ ಫೋನು ಬಾಯಿ ಮುಚ್ಚಲಿಲ್ಲ. ನಾಲ್ಕು ಸಾಲು ಓದುವಷ್ಟರಲ್ಲಿ ಒಂದು ಫೋನು, "ಆಯ್ತಾ ಮೇಡಂ?" ಎಂದು. ಕೊನೆಗೆ ರೇಗಿ, ರಿಸೆಪ್ಷನ್ನಿನಲ್ಲಿ ಕೂತಿದ್ದ ಮುನಿಲಕ್ಷ್ಮಿಗೆ ಹೇಳಿದಳು: "ಮುನಿಲಕ್ಷ್ಮೀ, ಇನ್ನು ನನಗೆ ಯಾರದೂ ಲೈನ್ ಕೊಡ್ಬೇಡ. ಯಾರೇ ಕೇಳಲಿ, ಒಂದು ಗಂಟೆ ಬಿಟ್ಟು ಮಾಡಿ ಅನ್ನು." ತಿಲಕ್ ನಗರದ ಆ ಹುಡುಗಿ ಪಾಪ, ಹೇಳಿದ ಮಾತನ್ನು ಚಾಚೂ ತಪ್ಪದೆ ನಡೆಸುವವಳು. "ಆಯ್ತು ಮೇಡಂ" ಎಂದಳು.

ಒಂದು ತಾಸು ಎಂದಿದ್ದು ಮೂರಾಯಿತು. ಮನೆಯ ನೆನಪು ಬರಲಿಲ್ಲವೇ ಎಂದರೆ, ಬಂತು. ಇದೊಂದು ನೋಡಿ ಹೊರಡುತ್ತೇನೆ, ಇನ್ನೊಂದು ನೋಡಿ ಹೊರಡುತ್ತೇನೆ ಎಂದುಕೊಂಡಳು. ತೊಂದರೆಯಿದ್ದರೆ ಅತ್ತೆ ಫೋನ್ ಮಾಡುತ್ತಾಳೆ, ಆಣೆ ಹಾಕಿಸಿಕೊಂಡಿದ್ದೇನೆ ಎಂಬ ಧೈರ್ಯ ಬೇರೆ. ಲೈನ್ ಕೊಡಬೇಡ ಎಂದು ತಾನೇ ಹೇಳಿ ಬಂದದ್ದು ಆ ಗಳಿಗೆಯಲ್ಲಿ ಅವಳ ತಲೆಯಲ್ಲಿರಲಿಲ್ಲ.

ಕಡೆಗೆ ಸಿಕ್ಕಿದ್ದು ಒಂದು ಚಿಕ್ಕ ಫೈಲು. ಹೆಸರು ಬಂದಾಗ ಮೊದಲು ಎಲ್ಲಿ ನೋಡಬೇಕು, ಸಿಗದಿದ್ದರೆ ಯಾರನ್ನು ಕೇಳಬೇಕು ಎಂದು ಮಿಷನ್ನಿಗೆ ಹೇಳುವ ಫೈಲು ಅದು. ಅಪ್‌ಗ್ರೇಡು ಹಳೆಯದನ್ನು ಅಳಿಸಿ ಹೊಸದೊಂದನ್ನು ತಂದಿಟ್ಟಿತ್ತು. ಹೊಸದರಲ್ಲಿ, ನಿನ್ನ ಹತ್ತಿರವಿರುವ ಪಟ್ಟಿಯಲ್ಲಿ ನೋಡು ಎಂದಷ್ಟೇ ಇತ್ತು. ಇಲ್ಲದಿದ್ದರೆ ನೇಮ್ ಸರ್ವರನ್ನು ಕೇಳು ಎಂಬ ಮಾತು ಇರಲಿಲ್ಲ. ಅವಳು ನೇರವಾಗಿ ಕೇಳಿದಾಗ ಉತ್ತರ ಬಂದದ್ದು ಈ ಫೈಲನ್ನು ದಾಟಿ ಹೋಗಿದ್ದರಿಂದ. ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ಯಾರನ್ನೂ ವಿಚಾರಿಸದೆ ಇಲ್ಲ ಎಂದುಬಿಡುತ್ತಿತ್ತು ಸಂಪಿಗೆ. ಅನ್ನಪೂರ್ಣ ಒಂದು ಪದ ಸೇರಿಸಿದಳು. ಮಲ್ಲಿಗೆ ಓಗೊಟ್ಟಿತು, ಕನಕಾಂಬರ ಓಗೊಟ್ಟಿತು. ಬಿಲ್ಲುಗಳು ಸರಸರನೆ ಹೊರಟವು. ನಂದಕುಮಾರ್ ಚಪ್ಪಾಳೆ ತಟ್ಟಿ, "ಸಖತ್ ಕಣಮ್ಮಾ, ಬಾ ಕಾಫಿ ಕುಡಿಯೋಣ" ಎಂದರು. ಅವಳು ಕಾಫಿಗೆ ನಿಲ್ಲದೆ ಆಟೋ ಹತ್ತಿದಳು.

ಮನೆ ಬಾಗಿಲು ಮುಂದಕ್ಕೆ ಮಾಡಿತ್ತು. ರೇಣುಕವ್ವ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಡುಗೆಮನೆಯಲ್ಲಿ ತಟ್ಟೆ ಮುಚ್ಚಿಟ್ಟ ಪಲ್ಯ ಹಾಗೇ ಇತ್ತು, ಆಕೆ ಉಂಡಿರಲಿಲ್ಲ. "ಅತ್ತಿ, ಯಾಕ್ರಿ ಊಟಾ ಮಾಡಿಲ್ಲ?" ಎನ್ನುತ್ತ ಅನ್ನಪೂರ್ಣ ಭುಜ ಹಿಡಿದು ಅಲುಗಿಸಿದಳು. ಮೈ ತಣ್ಣಗಿತ್ತು. ಆಮೇಲೆ ಅವಳು ಕೂಗಿದ್ದು, ಎದುರುಮನೆಯವರು ಬಂದದ್ದು, ಆಟೋದಲ್ಲಿ ಆಸ್ಪತ್ರೆಗೆ ಒಯ್ದದ್ದು, ಡಾಕ್ಟರು ತಲೆಯಾಡಿಸಿದ್ದು ಯಾವುದೂ ಅವಳಿಗೆ ಸರಿಯಾಗಿ ನೆನಪಿಲ್ಲ. ಜೀವ ಹೋಗಿ ಎರಡು ಗಂಟೆಯಾದರೂ ಆಗಿದೆ ಎಂದರು ಡಾಕ್ಟರು.

ಊರಿಗೆ ಒಯ್ದು ಮಣ್ಣು ಮಾಡಿದರು. ಬಂದವರೆಲ್ಲ ಒಂದೇ ಮಾತು ಹೇಳಿದರು: ಪುಣ್ಯವಂತೆ, ನಿದ್ದೆಯಲ್ಲೇ ಹೋದಳು, ನರಳಲಿಲ್ಲ. ಅನ್ನಪೂರ್ಣ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ. "ನೋವು ಬಂದಿದ್ರ ಫೋನ್ ಮಾಡ್ತಿದ್ರು. ಆಣಿ ಹಾಕಿಸ್ಕೊಂಡಿದ್ದೆ. ಮಾಡಿಲ್ಲ ಅಂದ್ರ ನೋವು ಬಂದಿಲ್ಲ" ಎಂದು ಗಂಡನಿಗೆ ರಾತ್ರಿಯೂ ಹಗಲೂ ಹೇಳುತ್ತಿದ್ದಳು. ರವಿಕುಮಾರ ಹೌದು ಹೌದು ಎನ್ನುತ್ತಿದ್ದ. ತಾಯಿಯನ್ನು ಕಳೆದುಕೊಂಡವನು ಅವನು, ಸಮಾಧಾನ ಮಾಡಬೇಕಾದದ್ದು ಹೆಂಡತಿಯನ್ನು.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸೋಮವಾರ ಅನ್ನಪೂರ್ಣ ಆಫೀಸಿಗೆ ಬಂದಳು. ಮುನಿಲಕ್ಷ್ಮಿಯೂ ಆ ಶನಿವಾರ ಸಂಜೆಯೇ ಊರ ಹಬ್ಬಕ್ಕೆಂದು ರಜೆ ಹಾಕಿ ಹೋದವಳು ಅಂದೇ ವಾಪಸಾಗಿದ್ದಳು. ಅವಳಿಗೆ ಸಾವಿನ ಸುದ್ದಿ ಯಾರೂ ಹೇಳಿರಲಿಲ್ಲ.

"ಮೇಡಂ, ಹೇಳೋದೇ ಮರ್ತಿದ್ದೆ. ಅವತ್ತು ನೀವು ಮಿಷನ್ ರೂಮಲ್ಲಿದ್ರಲ್ಲ, ಯಾರೋ ವಯಸ್ಸಾದ ಹೆಂಗಸು, ನಿಮ್ಮ ಕಡೆ ಭಾಷೆ, ಫೋನ್ ಮಾಡಿ ಮಾಡಿ ತಲೆ ತಿಂದ್ಬಿಟ್ರು. ಸಣ್ಣವ್ವನ್ನ ಕರೀರಿ ಅಂತಾರೆ. ಹಂಗನ್ನೋರು ಯಾರೂ ಇಲ್ಲಮ್ಮಾ ಇಲ್ಲಿ ಅಂದೆ. ಇಟ್ಬಿಟ್ರು."

ಅನ್ನಪೂರ್ಣ ಅವಳ ಮೇಜಿನ ಹತ್ತಿರಕ್ಕೆ ಬಂದಳು.

"ಮತ್ತೆ ಮಾಡಿದ್ರು. ನಮ್ಮ ಸೊಸೆ, ಕಂಪ್ಯೂಟರ್ ಕೆಲ್ಸ ಅಂದ್ರು. ಇಲ್ಲಿ ಎಲ್ಲಾರದೂ ಕಂಪ್ಯೂಟರೇ, ಹೆಸರು ಹೇಳಿ ಅಂದೆ. ರವಿಕುಮಾರನ ಹೆಂಡ್ತಿ ಅಂದ್ರು. ನಮ್ಮ ಡಿಸ್ಪ್ಯಾಚ್ ಸೆಕ್ಷನ್ನಿನ ರವಿಕುಮಾರ್ ಅಂದ್ಕೊಂಡು, ಅವ್ರು ಇವತ್ತು ಬಂದಿಲ್ಲ ಅಂದೆ."

"ಆಮ್ಯಾಲೆ?" ಅನ್ನಪೂರ್ಣಳ ಬಾಯಿಗೆ ಊರ ಮಾತೇ ಬಂತು.

"ಆಮೇಲೆ ಇನ್ನೊಂದ್ಸಲ ಮಾಡಿದ್ರು. ಉಸಿರು ಎಳ್ಕೊಂಡು ಎಳ್ಕೊಂಡು ಮಾತಾಡ್ತಿದ್ರು. ನನಗೂ ರೇಗಿತ್ತು ಮೇಡಂ, ಹೆಸರು ಹೇಳಮ್ಮಾ, ಹೆಸರಿಲ್ದೆ ನಾನೆಲ್ಲಿ ಹುಡುಕ್ಲಿ ಅಂತ ಗದರಿದೆ. ಆಮೇಲೆ ನಿಮ್ಮ ಹೆಸರು ಹೇಳಿದ್ರು. ಅನ್ನಪೂರ್ಣ ಅಂತ. ಮೊದ್ಲೇ ಹೇಳ್ಬಾರ್ದಾ ಅಂದೆ. ಆದ್ರೆ ನೀವು ಲೈನ್ ಕೊಡ್ಬೇಡ ಅಂದಿದ್ರಲ್ಲ, ಅದಕ್ಕೆ ಒಂದು ಗಂಟೆ ಬಿಟ್ಟು ಮಾಡಿ ಅಂದೆ. ಆತವಾ, ಕೆಲ್ಸಾ ಮಾಡ್ಕೋಲಿ ಬಿಡು ಅಂದ್ರು. ಫೋನ್ ಇಡೋಕೆ ಮುಂಚೆ ಇನ್ನೂ ಏನೋ ಅಂದ್ರು, ನನ್ನ ಹತ್ರ ಅಲ್ಲ, ಮನೇಲಿ ಯಾರ ಹತ್ರಾನೋ. 'ತಪ್ಪಾತ್ರೀ ಅತ್ತಿ' ಅಂದ್ರು." ಮುನಿಲಕ್ಷ್ಮಿ ತಲೆಯೆತ್ತಿ ನೋಡಿದಳು. "ಯಾಕೆ ಮೇಡಂ? ಯಾರದು? ಮತ್ತೆ ಮಾಡಿದ್ರಾ ನಿಮಗೆ?"

ಅನ್ನಪೂರ್ಣ ನೆಲದ ಮೇಲೆ ಕುಸಿದು ಕೂತಳು. ಸೆರಗು ಬಾಯಿಗೆ ತುರುಕಿಕೊಂಡರೂ ಅಳು ನಿಲ್ಲಲಿಲ್ಲ. ನಿದ್ದೆಯಲ್ಲಿ ಹೋಗಿರಲಿಲ್ಲ ಅತ್ತೆ. ಕರೆದಿದ್ದಳು, ಮೂರು ಸಲ ಕರೆದಿದ್ದಳು. ಜೀವ ಹೋದರೂ ಆಡಬಾರದೆಂದು ಕಾಯ್ದುಕೊಂಡಿದ್ದ ಮಾತನ್ನು ಕೊನೆಗೆ ಆಡಿಯೂ ಆಡಿದ್ದಳು. ಆಡಿದ್ದಕ್ಕೆ ಆ ಸತ್ತ ಮುದುಕಿಯ ಕ್ಷಮೆ ಬೇರೆ ಕೇಳಿದ್ದಳು. ನನ್ನನ್ನು ಕೇಳಿರಿ ಎಂದು ಹೇಳಿಕೊಟ್ಟ ತಾನು, ಯಾವ ಹೆಸರಿನಿಂದ ಕೇಳಬೇಕೆಂದು ಯೋಚಿಸಿರಲಿಲ್ಲ. ಸಣ್ಣವ್ವ ಎಂದರೂ ನಾನೇ ಎಂಬ ಒಂದು ಮಾತನ್ನು ಈ ಹುಡುಗಿಗೆ ಹೇಳಿಟ್ಟಿರಲಿಲ್ಲ. ಸಂಗತಿ ಅರ್ಥವಾದ ಮುನಿಲಕ್ಷ್ಮಿಯೂ ಬಾಯಿ ಮೇಲೆ ಕೈಯಿಟ್ಟುಕೊಂಡು ಅವಳ ಪಕ್ಕ ಕೂತು ಅಳತೊಡಗಿದಳು. ಫೋನು ಬಡಿದುಕೊಳ್ಳುತ್ತಿತ್ತು, ಇಬ್ಬರೂ ಎತ್ತಲಿಲ್ಲ.

ಬಹಳ ಹೊತ್ತಾದ ಮೇಲೆ ಅನ್ನಪೂರ್ಣ ಅವಳ ಕೈ ಹಿಡಿದು ಕೇಳಿದಳು. "ಹೆಂಗಂದ್ರು? ನನ್ನ ಹೆಸರು ಹೆಂಗಂದ್ರು? ನಾ ಒಮ್ಮಿನೂ ಕೇಳಿಲ್ಲ."

ಮುನಿಲಕ್ಷ್ಮಿ ಕಣ್ಣೊರೆಸಿಕೊಂಡಳು. "ಮೆತ್ತಗೆ ಮೇಡಂ. ಯಾರೋ ದೊಡ್ಡೋರು ಪಕ್ಕದಲ್ಲೇ ಮಲಗಿದ್ದಾರೆ, ಎದ್ಬಿಡ್ತಾರೇನೋ ಅನ್ನೋ ಹಂಗೆ."